ಐವತ್ತರಲ್ಲಿ ಸಿಪಾಯಿಯಾದ ಪ್ರೊಫೆಸರ್: ಪಾಲ್ ಡಗ್ಲಸ್

ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಅರ್ಥಶಾಸ್ತ್ರ ಓದಿದವರಿಗೆ ಡಗ್ಲಸ್ ಎಂಬ ಹೆಸರು ಹೊಸದಲ್ಲ. ದುಡಿಮೆ ಮತ್ತು ಬಂಡವಾಳ ಸೇರಿ ಎಷ್ಟು ಉತ್ಪನ್ನ ಬರುತ್ತದೆ ಎಂದು ಹೇಳುವ ಕಾಬ್-ಡಗ್ಲಸ್ ಸೂತ್ರವನ್ನು ಪದವಿ ತರಗತಿಯಲ್ಲಿ ಎಲ್ಲರೂ ಬರೆದುಕೊಂಡಿದ್ದೇವೆ. ಗಣಿತಜ್ಞ ಚಾರ್ಲ್ಸ್ ಕಾಬ್ ಜೊತೆಗೂಡಿ 1928ರಲ್ಲಿ ಅದನ್ನು ಪ್ರಕಟಿಸಿದವರು ಷಿಕಾಗೊ ವಿಶ್ವವಿದ್ಯಾಲಯದ ಪ್ರೊಫೆಸರ್ ಪಾಲ್ ಡಗ್ಲಸ್. ಅವರೇ ಮುಂದೆ, ಹಡಗಿನಿಂದ ದಡಕ್ಕಿಳಿದು ಕಾದುವ ಅಮೆರಿಕದ ಮೆರೀನ್ ಪಡೆ ಸೇರಿ ಎರಡನೇ ಮಹಾಯುದ್ಧದಲ್ಲಿ ಎರಡು ಸಲ ಗಾಯಗೊಂಡರು, ಆಮೇಲೆ ಹದಿನೆಂಟು ವರ್ಷ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರಾಗಿದ್ದರು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಒಂದು ಕೆಲಸಕ್ಕೆ ಬೆಲೆ ಎಷ್ಟು, ಅದನ್ನು ತೆರುವವರು ಯಾರು ಎಂದು ಅವರು ಬದುಕಿನುದ್ದಕ್ಕೂ ಕೇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇದರಿಂದ.

ಡಗ್ಲಸ್ ಹುಟ್ಟಿದ್ದು 1892ರಲ್ಲಿ. ಮುಂದೆ ಅವರು ಕ್ರೈಸ್ತರ ಕ್ವೇಕರ್ ಪಂಥ ಸೇರಿದರು. ಯುದ್ಧವೇ ಬೇಡ ಎನ್ನುವ ಪಂಥ ಅದು. ಆದರೆ 1935ರಲ್ಲಿ ಇಟಲಿಯಲ್ಲಿದ್ದಾಗ ಅಲ್ಲಿನ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿಯ ಆಡಳಿತವನ್ನು ಕಣ್ಣಾರೆ ಕಂಡರು. ಅದೇ ವರ್ಷ ಇಥಿಯೋಪಿಯಾದ ಮೇಲೆ ಇಟಲಿ ದಂಡೆತ್ತಿ ಹೋಯಿತು. ಬರೀ ಶಾಂತಿಯ ಮಾತು ಇಂಥವರನ್ನು ತಡೆಯುವುದಿಲ್ಲ ಎಂಬ ನಿರ್ಧಾರಕ್ಕೆ ಬಂದ ಡಗ್ಲಸ್, ಫ್ಯಾಸಿಸಂ ವಿರುದ್ಧ ಆಯುಧ ಹಿಡಿಯಲೇಬೇಕು ಎಂದು ಸಾರ್ವಜನಿಕವಾಗಿ ವಾದಿಸತೊಡಗಿದರು.

1939ರಿಂದ ಅವರು ಷಿಕಾಗೊ ನಗರ ಸಭೆಯ ಸದಸ್ಯರೂ ಆಗಿದ್ದರು. 1942ರಲ್ಲಿ ಸೆನೆಟ್ ಟಿಕೆಟ್‌ಗಾಗಿ ಪಕ್ಷದೊಳಗೇ ನಡೆದ ಚುನಾವಣೆಯಲ್ಲಿ ಸೋತರು. ಸೋತ ಕೆಲವೇ ವಾರಗಳಲ್ಲಿ, ಐವತ್ತು ತುಂಬಿದ್ದ ಈ ಪ್ರೊಫೆಸರ್, ಮಕ್ಕಳ ವಯಸ್ಸಿನ ಹುಡುಗರ ಜೊತೆ ಮೆರೀನ್ ಪಡೆಯ ಪ್ಯಾರಿಸ್ ಐಲೆಂಡ್ ತರಬೇತಿ ಶಿಬಿರಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ವಾಷಿಂಗ್ಟನ್ನಿನಲ್ಲಿ ಕುರ್ಚಿ ಕೇಳಿದ್ದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ತಾನು ಬೇಕೆಂದು ವಾದಿಸಿದ ಯುದ್ಧಕ್ಕೆ ಬೇರೆಯವರ ಮಕ್ಕಳನ್ನಷ್ಟೇ ಕಳಿಸಿ ಸುಮ್ಮನಿರುವುದು ಅವರಿಂದಾಗಲಿಲ್ಲ. ವಯಸ್ಸಾಯಿತೆಂದು ಮೊದಮೊದಲು ಅವರನ್ನು ಸ್ವದೇಶದಲ್ಲೇ ಉಳಿಸಿಕೊಂಡರು. ನೌಕಾ ಕಾರ್ಯದರ್ಶಿ ಫ್ರಾಂಕ್ ನಾಕ್ಸ್ ಅವರ ಬೆಂಬಲದಿಂದ ಅಧಿಕಾರಿ ಪದವಿ ಸಿಕ್ಕಿ, ಒಂದನೇ ಮೆರೀನ್ ಡಿವಿಷನ್ ಜೊತೆ ಪೆಸಿಫಿಕ್ ರಣರಂಗಕ್ಕೆ ಹೋದರು.

1944ರ ಸೆಪ್ಟೆಂಬರ್ 15ರಂದು ಆ ಡಿವಿಷನ್ ಪೆಲೆಲ್ಯು ದ್ವೀಪದಲ್ಲಿ ಇಳಿಯಿತು. ಸುಡುವ ಬಿಸಿಲು, ಹವಳದ ಕಲ್ಲಿನ ದಿಬ್ಬಗಳು, ದಿಬ್ಬದೊಳಗೆಲ್ಲ ಜಪಾನಿ ಸೈನಿಕರು ಅಡಗಿದ್ದ ಗುಹೆಗಳು. ಕೆಲವೇ ದಿನಗಳಲ್ಲಿ ಮುಗಿಯುತ್ತದೆ ಎಂದು ಜನರಲ್ ಹೇಳಿದ್ದ ಕದನ ಎರಡು ತಿಂಗಳು ದಾಟಿತು. ಡಗ್ಲಸ್ ಅವರ ಹುದ್ದೆ ಕಾಗದಪತ್ರ, ಸಿಬ್ಬಂದಿ ನೋಡಿಕೊಳ್ಳುವಂಥದ್ದು. ಆದರೂ ಗುಂಡಿನ ದಾಳಿಯ ನಡುವೆ ಮುಂಚೂಣಿಗೆ ಮದ್ದುಗುಂಡು ಹೊತ್ತರು, ಸಿಡಿದ ಚೂರು ತಾಗಿ ಗಾಯಗೊಂಡರು. ಬ್ರಾಂಜ್ ಸ್ಟಾರ್ ಪದಕ ಬಂದದ್ದು ಇಲ್ಲಿಯ ಕೆಲಸಕ್ಕೆ.

ಅಲ್ಲಿನ ಒಂದು ಪ್ರಸಂಗ ಹೇಳಲೇಬೇಕು. ಎಲ್ಲಿಂದಲೋ ಆಗಾಗ ಹಾರಿ ಬರುತ್ತಿದ್ದ ಗುಂಡುಗಳ ಮೂಲ ಹುಡುಕುತ್ತಾ ಹೋದಾಗ, ಎರಡಡಿ ಅಗಲದ ಒಂದು ಗುಹೆಯ ಬಾಯಿ ಸಿಕ್ಕಿತು. ಒಳಗಿದ್ದ ಜಪಾನಿ ಸೈನಿಕ ಇವರ ಮೇಲೆ ಗುಂಡು ಹಾರಿಸಿದ. ಇವರು ಅವನನ್ನು ಕೊಂದರು. ಆಗ ಅವರ ತಲೆಗೆ ಬಂದ ಯೋಚನೆ ಇದು: ಈತನೂ ಟೋಕಿಯೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿದ್ದಿರಬಹುದೇ? ಶತ್ರುವನ್ನು ಕೊಲ್ಲಲೇಬೇಕಾದ ಆ ಜಾಗದಲ್ಲೂ ಅವನ ಪ್ರಾಣಕ್ಕೊಂದು ಬೆಲೆಯಿದೆ ಎಂಬುದನ್ನು ಅವರು ಮರೆಯಲಿಲ್ಲ. ಅವರ ಪದಕಗಳಿಗಿಂತ ನನಗೆ ಈ ಪ್ರಶ್ನೆಯೇ ದೊಡ್ಡದು.

ಅದೇ ವರ್ಷದ ನವೆಂಬರಿನಲ್ಲಿ ಪತ್ನಿ ಎಮಿಲಿ ಟಾಫ್ಟ್ ಡಗ್ಲಸ್ ಇಲಿನಾಯ್ ರಾಜ್ಯದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು. ಗಂಡನಿಗಿಂತ ಮೊದಲೇ ಸಂಸತ್ತು ಕಂಡ ಹೆಂಡತಿ.

1945ರ ಮೇ ತಿಂಗಳಲ್ಲಿ, ಜಪಾನಿನ ಒಕಿನಾವಾ ದ್ವೀಪದಲ್ಲಿ ಗಾಯಾಳುಗಳನ್ನು ಹೊತ್ತು ತರಲು ನೆರವಾಗುತ್ತಿದ್ದಾಗ ಮೆಷಿನ್‌ಗನ್ ಗುಂಡು ಅವರ ಎಡಗೈಯನ್ನು ಸೀಳಿತು. ಮುಖ್ಯ ನರವೇ ತುಂಡಾಯಿತು. ಆ ಕೈ ಮತ್ತೆ ಸರಿಹೋಗಲಿಲ್ಲ. ವರ್ಷಕ್ಕೂ ಮೇಲೆ ಆಸ್ಪತ್ರೆಯಲ್ಲಿದ್ದು, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು.

1948ರಲ್ಲಿ ಮತ್ತೆ ಸೆನೆಟ್ ಚುನಾವಣೆ. ಎದುರಾಳಿ ವೇಲ್ಯಾಂಡ್ ಬ್ರೂಕ್ಸ್ ಚರ್ಚೆಗೆ ಬರಲೊಪ್ಪದಿದ್ದಾಗ, ಖಾಲಿ ಕುರ್ಚಿಯೊಂದನ್ನು ಇಟ್ಟುಕೊಂಡು ಇಬ್ಬರ ವಾದವನ್ನೂ ತಾವೇ ಮಂಡಿಸಿದರು. ಗೆಲುವಿನ ಅಂತರ 4 ಲಕ್ಷ ಮತ ಮೀರಿತು. ಸೆನೆಟ್ಟಿಗೆ ಹೋದ ಮೇಲೆ ಎರಡೂವರೆ ಡಾಲರಿಗಿಂತ ಹೆಚ್ಚು ಬೆಲೆಯ ಉಡುಗೊರೆ ಮುಟ್ಟಬಾರದೆಂದು ತಮಗೂ ಕಚೇರಿಯವರಿಗೂ ನಿಯಮ ಹಾಕಿಕೊಂಡರು. ತಮ್ಮ ಆದಾಯದ ಲೆಕ್ಕವನ್ನು ಬಹಿರಂಗವಾಗಿ ಇಟ್ಟರು. ಕಪ್ಪು ಜನರ ನಾಗರಿಕ ಹಕ್ಕುಗಳ ಮಸೂದೆಯನ್ನು ಚರ್ಚೆಗೆ ತರಲು 1956ರಲ್ಲಿ ಯತ್ನಿಸಿದಾಗ ಅವರ ಪರ ಬಿದ್ದದ್ದು ಬರೀ 6 ಮತ, ವಿರುದ್ಧ 76. ಬಿಡಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವವರೆಗೂ ಕಾದಾಡಿದರು.

ವಿಯೆಟ್ನಾಂ ಯುದ್ಧವನ್ನು ಅವರು ಬೆಂಬಲಿಸಿದರು. ಅದು ತಪ್ಪು ನಿಲುವು ಎಂದೇ ನನ್ನ ಅಭಿಪ್ರಾಯ. ಮುಸೊಲಿನಿಯ ಕಾಲದ ಪಾಠವನ್ನು ಬೇರೆಯದೇ ನೆಲಕ್ಕೆ, ಬೇರೆಯದೇ ಜಗಳಕ್ಕೆ ಅನ್ವಯಿಸಿದರು. 1966ರಲ್ಲಿ ತಮ್ಮದೇ ಹಳೆಯ ವಿದ್ಯಾರ್ಥಿ ಚಾರ್ಲ್ಸ್ ಪರ್ಸಿ ಎದುರು ಸೋತರು.

ಡಗ್ಲಸ್ 1960ರಲ್ಲೇ ಮಂಡಿಸಿದ್ದ ಒಂದು ಮಸೂದೆ ಆಗಿನ್ನೂ ಕಾನೂನಾಗಿರಲಿಲ್ಲ. ಸಾಲ ಕೊಡುವವನು ನಿಜವಾದ ಬಡ್ಡಿ ದರ ಹೇಳಲೇಬೇಕು ಎನ್ನುವ ಮಸೂದೆ. ಅದರ ಹಿಂದಿನ ಲೆಕ್ಕ ಹೀಗಿದೆ. 12,000 ರೂಪಾಯಿ ಸಾಲ, ಶೇ. 10 ಫ್ಲಾಟ್ ಬಡ್ಡಿ, ತಿಂಗಳಿಗೆ 1,100ರಂತೆ 12 ಕಂತು ಎಂದುಕೊಳ್ಳಿ. ಪ್ರತಿ ಕಂತಿನಲ್ಲೂ ಅಸಲು ಕರಗುತ್ತದೆ, ಬಡ್ಡಿ ಮಾತ್ರ ಪೂರ್ತಿ 12,000ದ ಮೇಲೆಯೇ. ನಿಮ್ಮ ಕೈಯಲ್ಲಿ ನಿಜವಾಗಿ ಉಳಿದ ಹಣದ ಮೇಲೆ ಲೆಕ್ಕ ಹಾಕಿದರೆ ದರ ಹತ್ತಿರ ಹತ್ತಿರ ಶೇ. 18. ಅಮೆರಿಕದ ಬಡವರು ಇದೇ ಮರೆಮಾಚಿದ ಬಡ್ಡಿ ಕಟ್ಟುತ್ತಿದ್ದರು. ಬ್ಯಾಂಕಿಂಗ್ ಸಮಿತಿ ವರ್ಷಗಟ್ಟಲೆ ಮಸೂದೆಯನ್ನು ತಡೆಹಿಡಿಯಿತು. ಕೊನೆಗೆ ಸೆನೆಟರ್ ಪ್ರಾಕ್ಸ್‌ಮೈರ್ ಅದನ್ನು ಕೈಗೆತ್ತಿಕೊಂಡು ದಡ ಮುಟ್ಟಿಸಿದರು; 1968ರಲ್ಲಿ ಕಾಯ್ದೆಯಾಯಿತು. ಆಗ ಡಗ್ಲಸ್ ಸೆನೆಟ್‌ನಲ್ಲಿರಲಿಲ್ಲ.

ನಮ್ಮಲ್ಲೂ 2024ರ ಅಕ್ಟೋಬರ್ 1ರಿಂದ, ಜನ ವೈಯಕ್ತಿಕವಾಗಿ ಪಡೆಯುವ ಚಿಲ್ಲರೆ ಸಾಲಗಳಿಗೆ ನಿಜವಾದ ವಾರ್ಷಿಕ ದರ ನಮೂದಿಸಿದ ವಿವರ ಪತ್ರವನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ನಿಮ್ಮ ಮನೆಯವರು ಸಾಲಕ್ಕೆ ಹೋದಾಗ ಆ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಸಹಿ ಹಾಕುವ ಮುನ್ನ ಆ ಒಂದು ದರವನ್ನು ಓದಿ. ನಮಸ್ಕಾರ.