ಆಟಿಯಲ್ಲಿ ಮನೆ ನೋಡಿ

ಕೇಳುಗರಿಗೆ ನಮಸ್ಕಾರ.

ಹಿಂಗಾಲಿನ ಸ್ವಾಧೀನ ತಪ್ಪಿದ ನಾಯಿಯನ್ನು ಕಟ್ಟಿಕೊಂಡು ಕಡಲ ಬದಿಯಲ್ಲಿ ಮನೆ ಹುಡುಕುವವರಿಗೆ ಇವತ್ತಿನ ನನ್ನ ಮಾತು. ಅಂಥವರು ಎಷ್ಟು ಜನ ಇದ್ದಾರು ಅಂತ ನಿಮಗೆ ಅನ್ನಿಸಬಹುದು. ತುಂಬಾ ಜನ ಇದ್ದಾರೆ. ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳುತ್ತಾರೆ. ಸಾಮಾನಿನ ಜೊತೆ ವಯಸ್ಸಾದ ನಾಯಿಯೂ ಬರುತ್ತದೆ. ಬೆನ್ನುಮೂಳೆಯ ಡಿಸ್ಕ್ ಜಾರಿದ ನಾಯಿ, ಬೈಕ್ ಬಡಿದು ಸೊಂಟ ಮುರಿದ ನಾಯಿ. "ಡಾಕ್ಟ್ರೇ, ಮಲ್ಪೆ ಕಡೆ ಮನೆ ಮಾಡೋದಾ, ಕಾಪು ಒಳ್ಳೇದಾ, ಕುಂದಾಪುರ ಹೇಗೆ?" ಅಂತ ಫೋನ್ ಮಾಡುತ್ತಾರೆ. ನಿಮ್ಮ ಅಕ್ಕ, ಭಾವ ಯಾರಾದರೂ ಹೀಗೆ ಹೊರಟಿದ್ದರೆ ಅವರಿಗೂ ಇದನ್ನು ದಾಟಿಸಿ.

ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಆಟಿಯಲ್ಲಿ ಮನೆ ನೋಡಿ.

ಆಟಿ ಅಂದರೆ ಗೊತ್ತಲ್ವಾ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆ ತಿಂಗಳಲ್ಲಿ ನಮ್ಮ ಕಡೆ ಶುಭಕಾರ್ಯ ಇಲ್ಲ, ಮನೆ ಒಕ್ಕಲು ಇಲ್ಲ. ಬೇಡ, ಒಕ್ಕಲು ಮಾಡಬೇಡಿ. ನೋಡುವುದಕ್ಕೆ ಏನು ಅಡ್ಡಿ? ಕೊಡೆ ಹಿಡಿದುಕೊಂಡು ಹೋಗಿ ನೋಡಿ. ಅಡ್ವಾನ್ಸ್ ಬೇಕಾದರೆ ಆಟಿ ಮುಗಿದ ಮೇಲೆ ಬರುವ ಸೋಣ ತಿಂಗಳಲ್ಲಿ ಕೊಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅನ್ನುವುದಕ್ಕೆ ಗುಂಡನ ಕಥೆ ಹೇಳಬೇಕು.

ಗುಂಡ ಒಂದು ಡ್ಯಾಶ್‌ಹಂಡ್. ಉದ್ದ ಬೆನ್ನು, ಗಿಡ್ಡ ಕಾಲು. ಈ ಜಾತಿಗೆ ಡಿಸ್ಕ್ ಜಾರುವುದು ಜಾಸ್ತಿ. ಗುಂಡನಿಗೂ ಆರನೇ ವರ್ಷಕ್ಕೆ ಜಾರಿತು, ಸೊಂಟದ ಕೆಳಗೆ ಸ್ಪರ್ಶವೇ ಹೋಯಿತು. ಮನೆಯವರು ಮುಂಬೈಯಿಂದ ಬಂದ ಗಂಡ ಹೆಂಡತಿ, ಇಬ್ಬರೂ ನಿವೃತ್ತರು. ಅಲ್ಲಿಯ ಪ್ಲಂಬರ್ ಒಬ್ಬ ಪಿವಿಸಿ ಪೈಪ್ ಜೋಡಿಸಿ, ಮಕ್ಕಳ ತಳ್ಳುಗಾಡಿಯ ಎರಡು ಚಕ್ರ ಹಾಕಿ ಗುಂಡನಿಗೆ ಒಂದು ಗಾಡಿ ಮಾಡಿಕೊಟ್ಟಿದ್ದ. ಮುಂಗಾಲಿನಲ್ಲಿ ಎಳೆದುಕೊಂಡು ಅವನು ಓಡುವುದನ್ನು ನೋಡಬೇಕಿತ್ತು ನೀವು!

ಅವರು ಡಿಸೆಂಬರ್‌ನಲ್ಲಿ ಕಾಪು ಹತ್ತಿರ ಒಂದು ಮನೆ ನೋಡಿದರು. ಗೇಟಿನಿಂದ ಐವತ್ತು ಹೆಜ್ಜೆಗೆ ಕಡಲು. ಬಾಗಿಲು ತೆಗೆದರೆ ಸೂರ್ಯ ಮುಳುಗುವುದು ಕಾಣುತ್ತದೆ. ಅಂಗಳ ಒಣಗಿ ಗಟ್ಟಿಯಾಗಿತ್ತು, ಗುಂಡನ ಗಾಡಿ ಸರಾಗವಾಗಿ ಓಡಿತು. ಅವತ್ತೇ ಒಪ್ಪಿಕೊಂಡರು. ನನಗೆ ಫೋನ್ ಬಂದದ್ದು ಆಮೇಲೆ, ಜುಲೈಯಲ್ಲಿ, ರಾತ್ರಿ ಒಂಬತ್ತರ ಮೇಲೆ. "ಡಾಕ್ಟ್ರೇ, ಗುಂಡ ಊಟ ಬಿಟ್ಟಿದ್ದಾನೆ. ಏನೋ ವಾಸನೆ ಬರ್ತಿದೆ."

ಹೋದೆ. ಕರೆಂಟ್ ಇರಲಿಲ್ಲ. ಅಂಗಳದಲ್ಲಿ ಕಾಲಿನ ಗಂಟಿನವರೆಗೆ ನೀರು. ಗೇಟಿನಿಂದ ಹಾಸಿದ್ದ ಮುರಕಲ್ಲಿನ ಮೇಲೆ ಪಾಚಿ ಕಟ್ಟಿ, ನಾನೇ ಜಾರುತ್ತಾ ಒಳಗೆ ಹೋದೆ. ಗುಂಡನ ಗಾಡಿ ಮೂಲೆಯಲ್ಲಿ ಕೂತಿತ್ತು, ಉಪ್ಪುಗಾಳಿಗೆ ಬೇರಿಂಗ್ ತುಕ್ಕು ಹಿಡಿದು ಚಕ್ರ ತಿರುಗುತ್ತಿರಲಿಲ್ಲ. ಒಂದು ತಿಂಗಳಿಂದ ಅವನು ನೆಲದಲ್ಲೇ ತೆವಳುತ್ತಿದ್ದ. ನೆಲವಾದರೂ ಒಣಗಿತ್ತಾ? ಇಲ್ಲ. ಕಡಲು ಕಾಣುವ ಬಾಗಿಲು ಅಂದರೆ ಪಶ್ಚಿಮದ ಬಾಗಿಲು. ಮಳೆಗಾಲದ ಗಾಳಿ ಬೀಸುವುದೂ ಪಶ್ಚಿಮದಿಂದಲೇ. ಡಿಸೆಂಬರ್‌ನಲ್ಲಿ ಸೂರ್ಯಾಸ್ತ ತೋರಿಸಿದ ಬಾಗಿಲು ಜುಲೈಯಲ್ಲಿ ಮಳೆಯನ್ನು ಹಾಲ್‌ವರೆಗೆ ತಂದು ಹಾಕುತ್ತಿತ್ತು.

ಟವೆಲ್ ಹಾಸಿ ಗುಂಡನನ್ನು ಅಂಗಾತ ಮಲಗಿಸಿದೆ. ಹಿಂದೊಡೆಯ ಒಳಬದಿಯಲ್ಲಿ, ಒದ್ದೆ ಕೂದಲಿನ ಅಡಿಗೆ, ಎಂಟಾಣೆ ಅಗಲದ ತೂತು. ಅದರೊಳಗೆ ಹುಳ. ಯಜಮಾನರು ಮೊಬೈಲ್ ಟಾರ್ಚ್ ಹಿಡಿದರು, ಅವರ ಕೈ ನಡುಗುತ್ತಿತ್ತು. ನಾನು ಚಿಮಟದಲ್ಲಿ ಒಂದೊಂದೇ ತೆಗೆಯುತ್ತಾ ಹೋದೆ. ನಲವತ್ತರ ಮೇಲೆ ಲೆಕ್ಕ ಬಿಟ್ಟೆ. ಅಷ್ಟೂ ಹೊತ್ತು ಗುಂಡ ಅವರ ಹೆಂಡತಿಯ ಕೈಯನ್ನು ನೆಕ್ಕುತ್ತಾ ಮಲಗಿದ್ದ. ಅವನಿಗೆ ನೋವೇ ಗೊತ್ತಿಲ್ಲ. ನೋಡಿ, ಇದೇ ಅಪಾಯ. ಬೇರೆ ನಾಯಿಯಾದರೆ ಕುಂಟುತ್ತದೆ, ಕೂಗುತ್ತದೆ, ಗಾಯ ನೆಕ್ಕಿಕೊಳ್ಳುತ್ತದೆ. ಸ್ಪರ್ಶ ಇಲ್ಲದ ನಾಯಿ ಏನೂ ಹೇಳುವುದಿಲ್ಲ. ಒದ್ದೆ ನೆಲ ಚರ್ಮವನ್ನು ಮೆತ್ತಗೆ ಮಾಡುತ್ತದೆ, ತೆವಳಿದಾಗ ಅದು ಸುಲಿಯುತ್ತದೆ, ಮೂತ್ರ ತಾಗಿ ಉರಿಯೂತ ಆಗುತ್ತದೆ, ನೊಣ ಕೂರುತ್ತದೆ. ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳ ಆಗುತ್ತದೆ.

ಅವರೇನೂ ಅಸಡ್ಡೆಯ ಜನ ಅಲ್ಲ. ತಾನಾಗಿ ಮೂತ್ರ ಮಾಡಲಾಗದ ಗುಂಡನಿಗೆ ದಿನಕ್ಕೆ ನಾಲ್ಕು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಸುತ್ತಿದ್ದರು, ಎರಡು ಸಲ ಒರೆಸುತ್ತಿದ್ದರು. ಒರೆಸಿದ ಬಟ್ಟೆಯೇ ಒಣಗದಿದ್ದರೆ ಏನು ಮಾಡುತ್ತಾರೆ? ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಮಳೆ. ಬೆಂಗಳೂರಿನಲ್ಲಿ 1,000ದ ಆಸುಪಾಸು. ಇಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಮನೆ ಹೇಗಿರುತ್ತದೆ ಅನ್ನುವುದೇ ನಿಮ್ಮ ನಾಯಿಯ ಬದುಕು. ಅದಕ್ಕೇ ಆಟಿಯಲ್ಲಿ ನೋಡಿ ಅನ್ನುವುದು.

ಗುಂಡನಿಗೆ ಇಪ್ಪತ್ತು ದಿನ ಡ್ರೆಸ್ಸಿಂಗ್ ಆಯಿತು. ಅದೇ ಆಟಿಯಲ್ಲಿ ನಾವು ಮೂವರೂ ಗುಂಡನನ್ನು ಕಾರಿನಲ್ಲಿ ಕೂರಿಸಿಕೊಂಡು ಬೇರೆ ಮನೆ ನೋಡಲು ಹೊರಟೆವು. ಎರಡು ಮನೆ ಗೇಟಿನಲ್ಲೇ ಬೇಡ ಅನ್ನಿಸಿತು. ಮೂರನೆಯದು ಕಡಲಿನಿಂದ 2 ಕಿಲೋಮೀಟರ್ ಒಳಗೆ, ಸ್ವಲ್ಪ ಎತ್ತರದಲ್ಲಿ ಇದ್ದ ಹಳೇ ಮನೆ. ಬಾಗಿಲು ಪೂರ್ವಕ್ಕೆ. ಮುಂದೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ, ಅರ್ಧ ಅಂಗಳಕ್ಕೆ ಶೀಟ್ ಹಾಕಿದ್ದರು. ಹೊರಗೆ ಜಡಿಮಳೆ ಹೊಡೆಯುತ್ತಿದೆ, ಶೀಟಿನ ಕೆಳಗೆ ನೆಲ ಒಣ! ಗುಂಡನನ್ನು ಇಳಿಸಿ, ಸರಿಮಾಡಿಸಿದ ಗಾಡಿ ಕಟ್ಟಿದ್ದೇ ತಡ, ಅಂಗಳದ ಆ ತುದಿಯಿಂದ ಈ ತುದಿಗೆ ನಾಲ್ಕು ಸುತ್ತು ಹಾಕಿದ. ಅಡಿಕೆ ಅಂಗಳದಷ್ಟು ಸಮತಟ್ಟಾದ ಜಾಗ ಗಾಡಿ ನಾಯಿಗೆ ಬೇರೆ ಇಲ್ಲ, ನನ್ನ ಮಾತು ನಂಬಿ.

ಜಗಲಿಗೆ ಎರಡು ಮೆಟ್ಟಿಲು ಇತ್ತು. ಅದಕ್ಕೆ ಹಲಗೆ ಇಟ್ಟು, ಹಟ್ಟಿಯಲ್ಲಿ ದನಕ್ಕೆ ಹಾಸುವ ರಬ್ಬರ್ ಮ್ಯಾಟ್ ತಂದು ಮೊಳೆ ಹೊಡೆದೆವು. ಒಂದಡಿ ಎತ್ತರಕ್ಕೆ ಆರಡಿ ಉದ್ದದ ಹಲಗೆ ಬೇಕು, ಕಡಿಮೆ ಮಾಡಿದರೆ ನಾಯಿ ಹಿಂದಕ್ಕೆ ಜಾರುತ್ತದೆ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೀರಿ ಅಲ್ವಾ? ಹಾಕಿ, ಆದರೆ ಚೆನ್ನಾಗಿ ತೊಳೆದು ಒಣಗಿದ ಮೇಲಷ್ಟೇ ನಾಯಿಯನ್ನು ಬಿಡಿ, ಇಲ್ಲದಿದ್ದರೆ ಹೊಟ್ಟೆಯ ಚರ್ಮ ಸುಟ್ಟುಹೋಗುತ್ತದೆ. ಗುಂಡ ಆ ಅಂಗಳದಲ್ಲಿ ಮತ್ತೆ 4 ವರ್ಷ ಓಡಿದ. ಮಳೆ ಬಿಟ್ಟ ಮೇಲೆ ದಿನಾ ಸಂಜೆ ಕಾರಿನಲ್ಲಿ ಕಡಲಿಗೂ ಹೋಗುತ್ತಿದ್ದ. 2 ಕಿಲೋಮೀಟರ್ ದೂರ ಅಂತ ಅವನಿಗೇನೂ ಬೇಸರ ಇರಲಿಲ್ಲ.

ಗುಂಡನ ಕಥೆಗೇ ಹೆಚ್ಚು ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಊರು ಯಾವುದು ಅಂತ ಕೇಳುವವರಿಗೆ. ಕಡಲ್ಕೊರೆತಕ್ಕೆ ಬಂಡೆ ಸುರಿದ ಕಡೆ, ಉಳ್ಳಾಲದ ಹಾಗೆ, ಗಾಡಿ ನಾಯಿ ಮರಳಿಗೆ ಇಳಿಯಲಾರದು. ಮರವಂತೆ ನೋಡಲು ಚಂದ, ಆದರೆ ಅಲ್ಲಿ ಕಡಲಿಗೂ ಸೌಪರ್ಣಿಕಾ ನದಿಗೂ ನಡುವೆ ಹೆದ್ದಾರಿ 66 ಓಡುತ್ತದೆ. ಗೋಕರ್ಣದ ಓಂ ಬೀಚ್‌ಗೆ ಮೆಟ್ಟಿಲು ಇಳಿಯಬೇಕು. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ, ಆ ನಿಯಮದಲ್ಲಿ ನಾಯಿಗಳಿಗೆ ಕಟ್ಟುನಿಟ್ಟು ಇದೆ. ಕಾರವಾರದ ಟ್ಯಾಗೋರ್ ಕಡಲತೀರ ಪೇಟೆಗೆ ತಾಗಿಕೊಂಡೇ ಇದೆ, ಸಮತಟ್ಟು. ನನಗೆ ಅದು ಇಷ್ಟ.

ಒಣ ಮರಳಿನಲ್ಲಿ ಸಣ್ಣ ಚಕ್ರ ಹೂತುಹೋಗುತ್ತದೆ. ಇಳಿತದ ಹೊತ್ತಿಗೆ ಹೋಗಿ, ನೀರು ಸರಿದ ಒದ್ದೆ ಮರಳು ರಸ್ತೆಯ ಹಾಗೆ ಗಟ್ಟಿ ಇರುತ್ತದೆ. ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಗಾಡಿ ಕಟ್ಟಿದ ನಾಯಿಯನ್ನು ಮಾತ್ರ ನೀರಿಗೆ ಇಳಿಸಲೇಬೇಡಿ. ತೆರೆ ಬಂದು ಮಗುಚಿದರೆ ಅದು ಎದ್ದು ಬರಲಾರದು. ಉಪ್ಪುನೀರು ಕಾಲಿಗೆ ಒಳ್ಳೆಯದು ಅಂತ ಯಾರೋ ಹೇಳಿದರು ಅನ್ನುತ್ತೀರಿ. ಸುಮ್ನೆ ಹೇಳುತ್ತಾರೆ. ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ, ಗಾಡಿಯನ್ನೂ ತೊಳೆಯಿರಿ. ಕಡಲಿಗೆ ತೀರಾ ಹತ್ತಿರದ ಬಾವಿ ಏಪ್ರಿಲ್ ಮೇ ಹೊತ್ತಿಗೆ ಉಪ್ಪಾಗುವುದುಂಟು. ಆಟಿಯಲ್ಲಿ ಮನೆ ನೋಡಲು ಹೋದಾಗಲೇ ಪಕ್ಕದ ಮನೆಯಲ್ಲಿ ಇದನ್ನು ಕೇಳಿ ಬನ್ನಿ.

ಫ್ಲ್ಯಾಟ್ ತೆಗೆದುಕೊಳ್ಳುವವರು ಲಿಫ್ಟ್ ನೋಡಿ. ನಾಯಿಯನ್ನು ಲಿಫ್ಟಿಗೆ ಹತ್ತಿಸಬೇಡಿ ಅನ್ನುವ ಅಧಿಕಾರ ಅಸೋಸಿಯೇಷನ್‌ಗೆ ಇಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಇಲಿಜ್ವರದ ಲಸಿಕೆ ಮಳೆಗೆ ಮೊದಲೇ ಹಾಕಿಸಿ. ಪಶುವೈದ್ಯರು ಅರ್ಧ ಗಂಟೆಯ ದಾರಿಯಲ್ಲಿ ಇರಲಿ.

ಇನ್ನೊಂದು. ಮೂತ್ರ ತೆಗೆಸುವುದನ್ನು ಪಕ್ಕದ ಮನೆಯ ಒಬ್ಬರಿಗಾದರೂ ಕಲಿಸಿಡಿ. ನೀವು ಮದುವೆಗೋ ಆಸ್ಪತ್ರೆಗೋ ಹೋದ ದಿನವೂ ಅದು ಮೂರು ನಾಲ್ಕು ಸಲ ಆಗಲೇಬೇಕು. ಗುಂಡನ ಪಕ್ಕದ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಒಬ್ಬನಿದ್ದ. ಕೈ ಎಲ್ಲಿ ಇಡಬೇಕು, ಎಷ್ಟು ಒತ್ತಬೇಕು ಅಂತ ನಾನು ತೋರಿಸಿಕೊಟ್ಟೆ. ಎರಡೇ ದಿನದಲ್ಲಿ ಕಲಿತ.

ನಮಸ್ಕಾರ.