ಎಣ್ಣೆ ಕಮಟುವ ಮುನ್ನ

ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕರಿದು ಪ್ಯಾಕೆಟ್ ಕಟ್ಟಿ ಅಂಗಡಿಗೆ ಕೊಡುವ ತಾಯಂದಿರು, ಸ್ವಸಹಾಯ ಸಂಘದವರು, ಬಾಳೆಕಾಯಿ ಚಿಪ್ಸ್ ಮಾಡುವವರು ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡೇ ಕೆಲಸ ಮಾಡುತ್ತಿರುತ್ತೀರಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೆ.

ಪ್ಯಾಕೆಟ್ ಕೊಟ್ಟು ಮೂರು ವಾರ ಆಗಿರುತ್ತದೆ. ಅಂಗಡಿಯವರು ಫೋನ್ ಮಾಡುತ್ತಾರೆ: "ಅಕ್ಕಾ, ಚಕ್ಕುಲಿ ಕಮಟು ಹೊಡೀತಿದೆ, ವಾಪಸ್ ತಗೊಂಡು ಹೋಗಿ." ತಂದು ಮುರಿದು ನೋಡಿದರೆ ಗರಿಗರಿಯಾಗಿಯೇ ಇದೆ. ಬೂಷ್ಟು ಹಿಡಿದಿಲ್ಲ, ಹುಳು ಬಿದ್ದಿಲ್ಲ. ಹಿಟ್ಟಿನ ತಪ್ಪಲ್ಲ, ಮಸಾಲೆಯ ತಪ್ಪೂ ಅಲ್ಲ. ಕೆಟ್ಟಿರುವುದು ಚಕ್ಕುಲಿ ಹೀರಿಕೊಂಡ ಎಣ್ಣೆ. ಗಾಳಿಯ ಆಮ್ಲಜನಕ ಎಣ್ಣೆಯ ಜೊತೆ ಸೇರಿದೆ.

ಇದನ್ನು ತಡಮಾಡಿಸಲು ರೋಸ್‌ಮೆರಿ ಎಂಬ ಗಿಡದ ಸಾರ ಸಿಗುತ್ತದೆ. ಮೆಡಿಟರೇನಿಯನ್ ಕಡೆಯ ಗಿಡ, ನಮ್ಮ ತುಳಸಿಯ ಕುಟುಂಬದ್ದೇ. ಈಗ ನೀಲಗಿರಿಯಲ್ಲೂ ಬೆಳೆಯುತ್ತಾರೆ. ಅದರ ಎಲೆಯ ಸಾರವನ್ನು ಎಣ್ಣೆಗೆ ಹೇಗೆ, ಎಷ್ಟು, ಯಾವಾಗ ಹಾಕಬೇಕು ಎಂದು ಹೇಳುತ್ತೇನೆ. ಮೂರರಲ್ಲಿ ದೊಡ್ಡದು 'ಯಾವಾಗ'. ಎಣ್ಣೆ ಹೊಸದಿರುವಾಗಲೇ ಹಾಕಬೇಕು. ಇದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲೇ.

ಏಕೆ ಅಂದರೆ, ಎಣ್ಣೆ ಕಮಟುವುದು ಒಂದು ಸರಪಳಿ ಕ್ರಿಯೆ. ಬೆಳಕು, ಬಿಸಿ ಅಥವಾ ಒಂದು ಚೂರು ತಾಮ್ರ, ಕಬ್ಬಿಣ ತಗುಲಿದರೆ ಎಣ್ಣೆಯ ಒಂದು ಅಣು ತನ್ನ ಹೈಡ್ರೋಜನ್ ಕಳೆದುಕೊಳ್ಳುತ್ತದೆ. ಅದಕ್ಕೆ ಆಮ್ಲಜನಕ ಅಂಟುತ್ತದೆ. ಅಂಟಿಸಿಕೊಂಡ ಅಣು ಪಕ್ಕದ ಅಣುವಿನ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಅದು ಅದರ ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ. ಹೀಗೆ ಆಮ್ಲಜನಕ ಅಂಟಿದ ಅಣುಗಳು, ಅಂದರೆ ಪೆರಾಕ್ಸೈಡ್, ತುಂಬುತ್ತಾ ಹೋಗುತ್ತದೆ. ಆಗ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಪೆರಾಕ್ಸೈಡ್ ಒಡೆದು ಆಲ್ಡಿಹೈಡ್ ಆದಾಗ ಕಮಟು ವಾಸನೆ ಏಳುತ್ತದೆ. ಅಂದರೆ ನಿಮಗೆ ವಾಸನೆ ಬರುವ ಹೊತ್ತಿಗೆ ಕಥೆ ಮುಗಿದಿರುತ್ತದೆ.

ರೋಸ್‌ಮೆರಿಯಲ್ಲಿ ಕಾರ್ನೋಸಿಕ್ ಆಮ್ಲ, ಕಾರ್ನೋಸಾಲ್ ಎಂಬ ಎರಡು ವಸ್ತುಗಳಿವೆ. ಅವು ಮಧ್ಯೆ ಬಂದು ತಮ್ಮ ಹೈಡ್ರೋಜನ್ನನ್ನು ಕೊಟ್ಟು ಸರಪಳಿ ತುಂಡು ಮಾಡುತ್ತವೆ. ಕೊಡುತ್ತಾ ಕೊಡುತ್ತಾ ತಾವೇ ಖಾಲಿಯಾಗುತ್ತವೆ. ಆಗಿಹೋದ ಪೆರಾಕ್ಸೈಡನ್ನು ಮತ್ತೆ ಒಳ್ಳೆಯ ಎಣ್ಣೆ ಮಾಡುವ ಶಕ್ತಿ ಅವಕ್ಕಿಲ್ಲ. ಒಡೆದ ಹಾಲನ್ನು ಫ್ರಿಜ್ಜಿನಲ್ಲಿಟ್ಟರೆ ಮತ್ತೆ ಹಾಲಾಗುತ್ತದೆಯೇ? ಆದ್ದರಿಂದ ಎಣ್ಣೆ ಹೊಸದಿರುವಾಗಲೇ ಹಾಕಿ.

ಈ ಸಾರ ಬಳಕೆಗೆ ಬಂದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಆಸ್ಟಿನ್ ಊರಿನಲ್ಲಿ ಹಾರ್ಮೆಲ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯಿದೆ. ಅಲ್ಲಿ ಚಿಪಾಲ್ಟ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅಡುಗೆಮನೆಯ ಮಸಾಲೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆಗೆ ಹಾಕಿದರು. 32 ಮಸಾಲೆ! ಪುಡಿ ಮಾಡಿ ಬೆರೆಸಿದ್ದು ಹಂದಿಯ ಕೊಬ್ಬಿಗೆ. ನಮ್ಮಲ್ಲಿ ಕೆಲವರಿಗೆ ಕೇಳಲು ಕಸಿವಿಸಿ ಆಗಬಹುದು, ಆದರೆ ಆಯ್ಕೆ ಜಾಣತನದ್ದು. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳಲ್ಲಿ ಹುಟ್ಟಿನಿಂದಲೇ ಒಂದಿಷ್ಟು ರಕ್ಷಕ ವಸ್ತುಗಳಿರುತ್ತವೆ. ಎಳ್ಳೆಣ್ಣೆಯಲ್ಲಿ ಸೆಸಮಾಲ್ ಇದೆ, ಅದಕ್ಕೇ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಹಂದಿ ಕೊಬ್ಬಿನಲ್ಲಿ ಅಂಥದ್ದು ಬಹಳ ಕಡಿಮೆ, ಬೇಗ ಕಮಟುತ್ತದೆ. ಅದು ತಡೆದುಕೊಂಡಿತು ಎಂದರೆ ಹೆಗ್ಗಳಿಕೆ ಹಾಕಿದ ಮಸಾಲೆಗೇ ಸಲ್ಲಬೇಕು.

1952ರಲ್ಲಿ ಫಲಿತಾಂಶ ಪ್ರಕಟವಾಯಿತು. ಉಳಿದೆಲ್ಲವನ್ನೂ ಹಿಂದೆ ಹಾಕಿ ಮುಂದೆ ನಿಂತದ್ದು ಎರಡು: ರೋಸ್‌ಮೆರಿ, ಸೇಜ್. ಎರಡೂ ತುಳಸಿ ಕುಟುಂಬದವೇ. ಲವಂಗದ ಸರದಿ ಆಮೇಲೆ ಬಂತು. ಎಣ್ಣೆ ಮತ್ತು ನೀರು ಬೆರೆತ ಮಿಶ್ರಣದಲ್ಲಿ ಲವಂಗವೇ ಮೇಲುಗೈ ಎಂದು ಅದೇ ತಂಡ ಕಂಡುಕೊಂಡಿತು. ಆದರೆ ನಮಗೆ ಬೇಕಾದದ್ದು ಬರೀ ಎಣ್ಣೆ, ಹಾಗಾಗಿ ಲವಂಗವನ್ನು ಪಕ್ಕಕ್ಕಿಡೋಣ.

ಇಷ್ಟಾದರೂ ತೊಡಕು ಉಳಿದಿತ್ತು. ರೋಸ್‌ಮೆರಿಗೆ ಕರ್ಪೂರದಂಥ ಘಾಟು ವಾಸನೆ, ಜೊತೆಗೆ ಕಹಿ, ಹಸಿರು ಬಣ್ಣ. ತಿಂಡಿಗೆ ಹಾಕಿದರೆ ಯಾರು ತಿನ್ನುತ್ತಾರೆ? 1977ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಸ್ಟೀಫನ್ ಚಾಂಗ್ ಮತ್ತು ಸಂಗಡಿಗರು ದಾರಿ ತೋರಿಸಿದರು. ಎಲೆಯ ಸಾರ ತೆಗೆದು, ಅದನ್ನು ಖಾದ್ಯ ಎಣ್ಣೆಯಲ್ಲಿ ಬೆರೆಸಿ, ಗಾಳಿಯ ಒತ್ತಡ ತಗ್ಗಿಸಿ ಹಬೆ ಹಾಯಿಸಿದರು. ವಾಸನೆ ಹಬೆಯ ಜೊತೆ ಹೋಯಿತು, ರಕ್ಷಣೆ ಕೊಡುವ ಭಾಗ ಎಣ್ಣೆಯಲ್ಲಿ ಉಳಿಯಿತು. ಅದನ್ನು ಸೋಯಾ ಎಣ್ಣೆಯಲ್ಲಿ ನೋಡಿದರು, ಆಲೂಗೆಡ್ಡೆ ಚಿಪ್ಸ್‌ನಲ್ಲೂ ನೋಡಿದರು, ರುಚಿ ಹೆಚ್ಚು ದಿನ ಉಳಿಯಿತು. ಇವತ್ತು ಪೇಟೆಯಲ್ಲಿ ಸಿಗುವುದು ಈ ಜಾತಿಯ ಸಾರ. ಯುರೋಪಿನಲ್ಲಿ ಇದಕ್ಕೆ ಇ 392 ಎಂಬ ಸಂಖ್ಯೆ ಕೊಟ್ಟಿದ್ದಾರೆ. ಈ ವಿಷಯ ಬಂದರೆ ನನ್ನ ಮಾತು ನಿಲ್ಲುವುದಿಲ್ಲ, ಸಮಯ ಓಡುತ್ತಿದೆ. ಕೆಲಸಕ್ಕೆ ಬರೋಣ.

ಕೊಳ್ಳುವಾಗ 'ಎಣ್ಣೆಯಲ್ಲಿ ಕರಗುವ' ಸಾರವನ್ನೇ ಕೇಳಿ. ನೀರಿನಲ್ಲಿ ಕರಗುವ ರೋಸ್‌ಮೆರಿ ಸಾರವೂ ಇದೆ, ಎಣ್ಣೆಗೆ ಹಾಕಿದರೆ ತಳಕ್ಕೆ ಕುಳಿತುಬಿಡುತ್ತದೆ. ಕೂದಲಿಗೆ ಹಚ್ಚುವ ರೋಸ್‌ಮೆರಿ ಎಣ್ಣೆ ಬರೀ ಸುಗಂಧ, ಅದನ್ನು ಬಾಣಲೆಯ ಹತ್ತಿರ ತರಲೇಬೇಡಿ. ಡಬ್ಬಿಯ ಮೇಲೆ ಕಾರ್ನೋಸಿಕ್ ಆಮ್ಲ ಎಷ್ಟು ಶೇಕಡಾ ಎಂದು ಬರೆದಿರಬೇಕು. ಬರೆದಿಲ್ಲವೆಂದರೆ ಕೊಳ್ಳಬೇಡಿ, ಲೆಕ್ಕ ಹಾಕುವುದು ಅದರ ಮೇಲೆಯೇ.

ಲೆಕ್ಕ ಬರೆದುಕೊಳ್ಳಿ. ಕರಿದ ತಿಂಡಿ ತಯಾರಿಸುವವರು ಬಳಸುವ ಎಣ್ಣೆಗೆ ಯುರೋಪಿನವರು ಇಟ್ಟಿರುವ ಮಿತಿ ಒಂದು ಕಿಲೋಗೆ 50 ಮಿಲಿಗ್ರಾಂ, ಕಾರ್ನೋಸಿಕ್ ಆಮ್ಲ ಮತ್ತು ಕಾರ್ನೋಸಾಲ್ ಎರಡೂ ಸೇರಿ. ನಿಮ್ಮ ಸಾರ ಶೇಕಡಾ 5ರದ್ದಾದರೆ ಒಂದು ಗ್ರಾಂ ಸಾರದಲ್ಲಿ 50 ಮಿಲಿಗ್ರಾಂ ಇರುತ್ತದೆ. ಅಂದರೆ ಕಿಲೋ ಎಣ್ಣೆಗೆ ಒಂದು ಗ್ರಾಂ, 15 ಕಿಲೋ ಡಬ್ಬಕ್ಕೆ 15 ಗ್ರಾಂ. ಶೇಕಡಾ 10ರದ್ದಾದರೆ ಅದರ ಅರ್ಧ, ಏಳೂವರೆ ಗ್ರಾಂ. ಇದಕ್ಕಿಂತ ಮೇಲೆ ಹೋಗಬೇಡಿ. ಹೆಚ್ಚು ಹಾಕಿದರೆ ಚಕ್ಕುಲಿ ಔಷಧಿಯ ವಾಸನೆ ಹೊಡೆಯುತ್ತದೆ. ಚಮಚದಲ್ಲಿ ಅಳೆಯುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಸಾರ ಜೇನಿಗಿಂತ ಗಟ್ಟಿ, ಅರ್ಧದಷ್ಟು ಚಮಚಕ್ಕೇ ಅಂಟಿಕೊಂಡಿರುತ್ತದೆ. ಹತ್ತನೇ ಒಂದು ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ತನ್ನಿ.

ಬೆರೆಸುವ ಬಗೆ ಹೀಗೆ. ಡಬ್ಬದಿಂದ ಒಂದು ಕಿಲೋ ಎಣ್ಣೆ ತೆಗೆದು ಸ್ಟೀಲ್ ಪಾತ್ರೆಯಲ್ಲಿ 50–60 ಡಿಗ್ರಿಗೆ ಬಿಸಿ ಮಾಡಿ, ಅಂದರೆ ಬೆರಳು ಅದ್ದಿ ಹಿಡಿದುಕೊಳ್ಳಲಾಗದಷ್ಟು ಬಿಸಿ, ಹೊಗೆ ಬರಬಾರದು. ಥರ್ಮಾಮೀಟರ್ ಇದ್ದರೆ ಬೆರಳು ಉಳಿಯಿತು. ತೂಗಿದ ಸಾರ ಹಾಕಿ ಹದಿನೈದು ನಿಮಿಷ ಕೈಯಾಡಿಸಿ. ಸಾರ ತೂಗಿದ ಬಟ್ಟಲನ್ನೂ ಅದೇ ಎಣ್ಣೆಯಲ್ಲಿ ತೊಳೆದು ಸುರಿಯಿರಿ. ಆಮೇಲೆ ಇದನ್ನು ಉಳಿದ 14 ಕಿಲೋಗೆ ಬೆರೆಸಿ ಚೆನ್ನಾಗಿ ಕಲಕಿ. ತಣ್ಣಗಿನ ಎಣ್ಣೆಗೆ ನೇರವಾಗಿ ಸಾರ ಸುರಿದರೆ ತಳದಲ್ಲಿ ಹಸಿರು ಗಸಿ ಕೂರುತ್ತದೆ. ಮೊದಲ ಬಾಣಲೆಗೆ ಏನೂ ಸಿಗುವುದಿಲ್ಲ, ಕೊನೆಯದಕ್ಕೆ ಎಲ್ಲವೂ ಸಿಗುತ್ತದೆ.

ಈ ಕೆಲಸ ಡಬ್ಬದ ಸೀಲು ಒಡೆದ ದಿನವೇ ಆಗಬೇಕು. ಅರ್ಧ ಡಬ್ಬ ಬಳಸಿ, ಹದಿನೈದು ದಿನ ಬಾಯಿ ತೆರೆದಿಟ್ಟು, ಆಮೇಲೆ ಹಾಕುವುದಲ್ಲ. ಎಣ್ಣೆ ಹೊಸದಿರುವಾಗಲೇ!

ಹಳೇ ತುಪ್ಪದ ಪದ್ಧತಿ ನೋಡಿ. ಬೆಣ್ಣೆ ಕಾಯಿಸಿ ತುಪ್ಪ ಇಳಿಸುವ ಮುನ್ನ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕುತ್ತಾರೆ. ಎಲೆಯಲ್ಲಿರುವ ಫೀನಾಲ್ ಎಂಬ ರಕ್ಷಕ ವಸ್ತುಗಳು ತುಪ್ಪಕ್ಕೆ ಇಳಿಯುತ್ತವೆ, ಎಲೆ ಗರಿಯಾಗಿ ನೀರೆಲ್ಲ ಹೋಗಿರುತ್ತದೆ. ತುಪ್ಪ ಹುಟ್ಟುವ ಗಳಿಗೆಯಲ್ಲೇ ಹಾಕುತ್ತಾರೆ, ಜಾಡಿಯಲ್ಲಿ ಹಳಸಿದ ಮೇಲಲ್ಲ. ಇದನ್ನು ಕೇಳಿ ಕೆಲವರು ಹಸಿ ರೋಸ್‌ಮೆರಿ ಕಡ್ಡಿಯನ್ನು ಎಣ್ಣೆ ಬಾಟಲಿಯಲ್ಲಿ ಮುಳುಗಿಸಿಡುತ್ತಾರೆ. ದಯವಿಟ್ಟು ಬೇಡ. ಹಸಿ ಎಲೆಯ ನೀರು, ಗಾಳಿಯಿಲ್ಲದ ಎಣ್ಣೆ, ಬೆಚ್ಚನೆಯ ಅಡುಗೆಮನೆ, ಈ ಮೂರೂ ಸೇರಿದರೆ ಬೊಟ್ಯುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ವಿಷ ಹುಟ್ಟಬಹುದು.

ಬಾಣಲೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕರಿಯುವ ಬಿಸಿಯಲ್ಲಿ ಹಿಟ್ಟಿನ ನೀರು ಹಬೆಯಾಗಿ ಏಳುವಾಗ ಬಿಎಚ್‌ಎ, ಬಿಎಚ್‌ಟಿ ಥರದ ಕೃತಕ ರಕ್ಷಕಗಳು ಅದರ ಜೊತೆ ಹಾರಿಹೋಗುತ್ತವೆ. ರೋಸ್‌ಮೆರಿಯ ಕಾರ್ನೋಸಿಕ್ ಆಮ್ಲ ಅಷ್ಟು ಸುಲಭವಾಗಿ ಹಾರುವುದಿಲ್ಲ, ಬಿಸಿಗೆ ಕಾರ್ನೋಸಾಲ್ ಆಗಿ ಮಾರ್ಪಟ್ಟರೂ ಕೆಲಸ ಮಾಡುತ್ತದೆ. ತಿಂಡಿ ಹೀರಿದ ಎಣ್ಣೆಯ ಜೊತೆ ಪ್ಯಾಕೆಟ್ಟಿನೊಳಕ್ಕೂ ಹೋಗುತ್ತದೆ. ನಮಗೆ ಬೇಕಾದ್ದೂ ಅದೇ. ಆದರೆ ಕರಿಯುತ್ತಾ ಖರ್ಚಾಗುತ್ತದೆ, ಆದ್ದರಿಂದ ಬಾಣಲೆಗೆ ಸೇರಿಸುವ ಎಣ್ಣೆಯೂ ಸಾರ ಬೆರೆಸಿದ್ದೇ ಇರಲಿ. 175 ಡಿಗ್ರಿ ದಾಟಿಸಬೇಡಿ, ಕರಿಕು ಚೂರನ್ನು ದಿನವೂ ಸೋಸಿ.

ನಿನ್ನೆ ಮೊನ್ನೆಯ ಕಪ್ಪು ಎಣ್ಣೆಗೆ ಸಾರ ಹಾಕಿ ಇನ್ನೊಂದು ವಾರ ಓಡಿಸೋಣ ಎಂಬ ಆಸೆ ಬೇಡ. ಕಾಯಿಸಿ ಕಾಯಿಸಿ ಎಣ್ಣೆ ಕೆಟ್ಟಾಗ ಅದರಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಸಾರ ಹಾಕಿದ್ದೇವೆ ಎಂದರೆ ರಿಯಾಯಿತಿ ಇಲ್ಲ. ಡಬ್ಬದ ತಳದಲ್ಲಿ ಉಳಿದ ಹಳೇ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿಯುವುದೂ ತಪ್ಪೇ. ಹಳೆಯದರ ಪೆರಾಕ್ಸೈಡ್ ಹೊಸದನ್ನೂ ಎಳೆದುಕೊಂಡು ಹೋಗುತ್ತದೆ. ಡಬ್ಬವನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಒಂದು ತೊಟ್ಟು ನೀರಿಲ್ಲದಂತೆ ಒಣಗಿಸಿ ಆಮೇಲೆ ತುಂಬಿ.

ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು ಎಣ್ಣೆ ಬಳಸುವವರು ಇನ್ನೂ ಎಚ್ಚರವಾಗಿರಿ. ಅವುಗಳಲ್ಲಿ ಲಿನೊಲಿಯಿಕ್ ಆಮ್ಲ ಹೆಚ್ಚು, ಗಾಳಿಗೆ ಬೇಗ ಸೋಲುತ್ತವೆ. ತೆಂಗಿನೆಣ್ಣೆಗೆ ಈ ಸಾರದ ಅವಸರವೇ ಇಲ್ಲ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಎಣ್ಣೆ ಇಟ್ಟರೆ ಯಾವ ಸಾರವೂ ಕಾಯುವುದಿಲ್ಲ. ಬಿಳಿ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಇಟ್ಟರೂ ಅಷ್ಟೇ.

ಮಾರುವವರು ನಿಮ್ಮ ತಿಂಡಿಯ ವರ್ಗಕ್ಕೆ ಇದನ್ನು ಎಷ್ಟು ಹಾಕಬಹುದು ಎಂದು ಆಹಾರ ಸುರಕ್ಷತಾ ಅಧಿಕಾರಿಯನ್ನು ಮೊದಲೇ ಕೇಳಿ, ಪ್ಯಾಕೆಟ್ ಮೇಲೆ ಸಾರದ ಹೆಸರು ಮುದ್ರಿಸಿ.

ಸಾರ ಕೆಲಸ ಮಾಡಿತೇ ಎಂದು ನೋಡಲು ಸಾರ ಹಾಕಿದ ಎಣ್ಣೆಯಲ್ಲಿ ಕರಿದ ಚಕ್ಕುಲಿ ಒಂದು ಗಾಜಿನ ಶೀಶೆಗೆ, ಹಾಕದ್ದರಲ್ಲಿ ಕರಿದದ್ದು ಇನ್ನೊಂದಕ್ಕೆ ತುಂಬಿ, ತಿಂಡಿ ಒಣಗಿಸುವ ಡ್ರೈಯರ್‌ನಲ್ಲಿ 60 ಡಿಗ್ರಿಯಲ್ಲಿಡಿ. ಅಲ್ಲಿಯ ಒಂದು ದಿನ ಕಪಾಟಿನ ಸುಮಾರು ಒಂದು ತಿಂಗಳಿಗೆ ಸಮ ಎಂಬುದು ಈ ಕಸುಬಿನವರ ಒರಟು ಲೆಕ್ಕ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ. ಎರಡೂ ಒಂದೇ ದಿನ ಕಮಟಿದರೆ ಸಾರವನ್ನು ಬೈಯುವ ಮುನ್ನ ಎಣ್ಣೆ ಡಬ್ಬದ ಮೇಲಿನ ತಾರೀಖು ನೋಡಿ.

ನಮಸ್ಕಾರ.