ಪ್ಲಾಸ್ಟರ್ ಬಿಚ್ಚಿದರು, ಮೂಳೆ ಕೂಡಿರಲಿಲ್ಲ

ಈ ವಿಡಿಯೋ ಎಡಗೈಯಲ್ಲಿ ತೆಗೆದದ್ದು, ಅದಕ್ಕೇ ಇಷ್ಟು ಅಲುಗಾಟ. ಈಗ ಕಾಣುತ್ತಿರುವುದು ನನ್ನ ಬಲಗೈ. 12 ವಾರ ಪ್ಲಾಸ್ಟರ್ ಒಳಗಿದ್ದು ಮೊನ್ನೆ ಹೊರಗೆ ಬಂತು. ಚರ್ಮ ಹೊಟ್ಟಿನ ಹಾಗೆ ಉದುರುತ್ತಿದೆ. ಮುಂಗೈ ಸೊರಗಿ ಕಡ್ಡಿಯಾಗಿದೆ. ಇದೆಲ್ಲ ಸರಿಹೋಗುತ್ತದೆ ಬಿಡಿ. ತೊಂದರೆ ಇರುವುದು ಒಳಗೆ.

ಮುರಿದದ್ದು ಸ್ಕೇಫಾಯ್ಡ್. ಹೆಬ್ಬೆರಳು ಚಾಚಿದಾಗ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅದರ ಕೆಳಗಿರುವ ಪುಟ್ಟ ಮೂಳೆ. ಬೀಳುವಾಗ ಕೈ ಊರಿದೆ, ಅಷ್ಟೇ. ಮೊದಲ ಎಕ್ಸ್‌-ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಆ ಗುಳಿ ಒತ್ತಿದರೆ ಜೀವ ಹೋದಂತಾಗುತ್ತಿತ್ತು. ಅನುಮಾನದ ಮೇಲೇ ಪ್ಲಾಸ್ಟರ್ ಹಾಕಿದರು. 10 ದಿನ ಬಿಟ್ಟು ಮತ್ತೆ ಎಕ್ಸ್‌-ರೇ ತೆಗೆದಾಗ ಕೂದಲೆಳೆಯಂಥ ಗೆರೆ ಕಂಡಿತು.

ಪ್ಲಾಸ್ಟರ್ ಹಾಕಿದ ಮೊದಲ ರಾತ್ರಿಯೇ ಹೆದರಿದ್ದೆ. ಬಾವು ಏರಿತು, ಪ್ಲಾಸ್ಟರ್ ಬಿಗಿಯಾಯಿತು, ಬೆರಳು ಜೋಮು ಹಿಡಿಯಿತು. ಮಾತ್ರೆ ನುಂಗಿದರೂ ನೋವು ಇಳಿಯಲಿಲ್ಲ. ಇನ್ನೊಂದು ಕೈಯಿಂದ ಬೆರಳು ನೆಟ್ಟಗೆ ಮಾಡಿದರೆ ಕಣ್ಣಲ್ಲಿ ನೀರು. ಇಂಥದ್ದಾದರೆ ಬೆಳಗಾಗಲಿ ಅಂತ ಕಾಯಬೇಡಿ. ಒಳಗೆ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅವು ಸಾಯುತ್ತವೆ. ನನಗೆ ಅಲ್ಲಿಯವರೆಗೆ ಹೋಗಲಿಲ್ಲ. ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಸಡಿಲ ಮಾಡಿದರು, ಬೆರಳಿಗೆ ಬಣ್ಣ ಮರಳಿತು.

ಕಾಲು ಮುರಿದವರಿಗೆ ಇನ್ನೊಂದು ಕಾಟ. ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ದಿಢೀರನೆ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆ. ಜ್ವರ, ಪ್ಲಾಸ್ಟರ್ ಒಳಗಿಂದ ಕೆಟ್ಟ ವಾಸನೆ ಬಂದರೂ ತೋರಿಸಲೇಬೇಕು, ಸೋಂಕಿರಬಹುದು.

ನನ್ನದು ನಿಧಾನದ ಕಾಯಿಲೆ. ಸ್ಕೇಫಾಯ್ಡ್‌ಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಾಲದು. ಕೆಲವರಿಗೆ ಆ ತುಂಡು ಸತ್ತೇ ಹೋಗುತ್ತದೆ. ನನ್ನ ಸಿಟಿ ಸ್ಕ್ಯಾನ್‌ನಲ್ಲಿ ಅರ್ಧ ಕೂಡಿದೆ, ಅರ್ಧ ಇನ್ನೂ ಬಾಯಿ ಬಿಟ್ಟುಕೊಂಡಿದೆ. ಕೂಡುವುದೇ ಇಲ್ಲ ಅನ್ನಲು ಇನ್ನೂ ಬೇಗ, ಕೂಡುವುದು ತಡವಾಗಿದೆ ಅಷ್ಟೇ ಅಂದರು ಡಾಕ್ಟರ್. ಆಮೇಲೆ ಎಷ್ಟು ಸಿಗರೇಟ್ ಸೇದುತ್ತೀರಿ ಅಂತ ಕೇಳಿದರು. ದಿನಕ್ಕೆ ಎರಡು ಅಂದೆ. ನಾಲ್ಕಿತ್ತು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೊದಲೇ ರಕ್ತಕ್ಕೆ ಬರಗಾಲವಿರುವ ಮೂಳೆಗೆ ನಾನೇ ನಲ್ಲಿ ತಿರುಗಿಸಿ ಬಿಗಿ ಮಾಡಿದ ಹಾಗಾಯಿತು. ಅವತ್ತೇ ಬಿಟ್ಟೆ. 9 ದಿನ ಆಯಿತು, ಸಿಡುಕು ಜಾಸ್ತಿಯಾಗಿದೆ.

6 ವಾರಕ್ಕೆ ಮತ್ತೆ ಸ್ಕ್ಯಾನ್. ಆಗಲೂ ಹೀಗೇ ಇದ್ದರೆ ಸ್ಕ್ರೂ ಹಾಕಿ, ಸೊಂಟದ ಮೂಳೆಯಿಂದ ಚೂರು ತೆಗೆದು ಅಲ್ಲಿ ತುಂಬುತ್ತಾರೆ. ಅಲ್ಲಿಯವರೆಗೆ ಮಣಿಕಟ್ಟಿಗೆ ಪಟ್ಟಿ, ಬೆರಳಿಗೆ ವ್ಯಾಯಾಮ. ಸುಮ್ನೆ ಇಟ್ಟರೆ ಕೀಲುಗಳು ಬಿಗಿದುಕೊಳ್ಳುತ್ತವೆ. ಇವತ್ತು ಹೆಬ್ಬೆರಳು ಕಿರುಬೆರಳಿನ ಬುಡ ಮುಟ್ಟಿತು. ಆ ತುಣುಕು ಈಗ ಬರುತ್ತದೆ, ನೋಡಿ. ಪಕ್ಕದಲ್ಲಿ ಕೂಗಿದ್ದು ನಾನೇ.